ಒಂದು ಚಿಟಿಕೆ ಇಂಗು

ನನ್ನ ಕನ್ನಡಿಯ ಮುಂದೆ ಒಂದು ಇಂಗಿನ ಡಬ್ಬಿ ಇದೆ. ಒಳಗಿರುವುದು ಸೇಫ್ಟಿ ಪಿನ್ನು, ಹೇರ್‌ಪಿನ್ನು, ರವಿಕೆಯಿಂದ ಕಿತ್ತುಬಂದ ಒಂದೆರಡು ಕೊಕ್ಕೆ. ಇಂಗು ಖಾಲಿಯಾಗಿ ಎಷ್ಟೋ ಕಾಲವಾಯಿತು. ಆದರೂ ಮುಚ್ಚಳ ತೆಗೆದರೆ ಇವತ್ತಿಗೂ ಅದೇ ಘಾಟು. ಅದರಲ್ಲಿನ ಪಿನ್ನನ್ನು ಸೀರೆಗೆ ಚುಚ್ಚಿಕೊಂಡು ಶಾಲೆಗೆ ಹೋದರೆ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಮೇಡಂ ಮೂಗರಳಿಸಿ, “ಏನ್ ಗಿರಿಜಾ ಮೇಡಂ, ಇವತ್ತು ಹುಳೀನಾ?” ಎಂದು ಕೇಳುತ್ತಾರೆ. ಅದು ಪಿನ್ನಿನ ವಾಸನೆ ಎಂದು ಅವರಿಗೆ ಹೇಳುವುದಿಲ್ಲ. ಹೌದು ಎಂದು ನಕ್ಕು ಹಾಜರಿ ಪುಸ್ತಕ ತೆಗೆದುಕೊಂಡು ಏಳುತ್ತೇನೆ.

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ನಮ್ಮ ಕಡೆ ಡಬ್ಬಿಗಳಿಗೆ ಸಾವಿಲ್ಲ. ಚಾಮರಾಜಪೇಟೆಯ ನನ್ನ ತವರಿನಲ್ಲಿ ಮಕ್ಕಳ ಹಾಲಿನ ಪುಡಿಯ ಡಬ್ಬದಲ್ಲಿ ತೊಗರಿಬೇಳೆ ಇರುತ್ತಿತ್ತು, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ. ಬಿಸ್ಕತ್ತೆಂದು ಆಸೆಯಿಂದ ತೆರೆದು ಎಷ್ಟು ಸಲ ಬೆರಳು ಚುಚ್ಚಿಸಿಕೊಂಡಿದ್ದೇನೋ. ನಮ್ಮಜ್ಜಿ ಒಮ್ಮೆ ಖಾಲಿ ಇಂಗಿನ ಡಬ್ಬಿಯಲ್ಲಿ ವಿಭೂತಿ ಪುಡಿ ತುಂಬಿಟ್ಟಿದ್ದಳು. ಆ ಒಂದು ತಿಂಗಳು ಲಿಂಗಪೂಜೆ ಮುಗಿಸಿ ಎದ್ದ ಮನೆಮಂದಿಯ ಹಣೆಯೆಲ್ಲ ಒಗ್ಗರಣೆಯ ವಾಸನೆ ಹೊಡೆಯುತ್ತಿತ್ತು. ಅಪ್ಪ ಪೂಜೆಯ ಮಧ್ಯೆಯೇ ಹಸಿವಾಗುತ್ತದೆ ಎಂದು ದೂರುತ್ತಿದ್ದರು.

ಆದರೆ ನನ್ನ ಕನ್ನಡಿಯ ಮುಂದಿನ ಈ ಡಬ್ಬಿಯನ್ನು ನಾನು ಜಿಪುಣತನದಿಂದ ಉಳಿಸಿಕೊಂಡದ್ದಲ್ಲ. ಎಸೆಯಬೇಕೆಂದು ಕಸದ ಬುಟ್ಟಿಯವರೆಗೆ ಹೋಗಿದ್ದೇನೆ. ಎಸೆಯಲು ಕೈ ಬಂದಿಲ್ಲ. ಯಾಕೆಂದು ಹೇಳಲು ಸ್ವಲ್ಪ ಸುತ್ತಿ ಬಳಸಿ ಬರಬೇಕಾಗುತ್ತದೆ.

ವಿಷಯ ಇಷ್ಟು. ನನಗೆ ಗೋಧಿ ಆಗುವುದಿಲ್ಲ. ಆಗುವುದಿಲ್ಲವೆಂದರೆ, ಕೆಲವರಿಗೆ ಬದನೆಕಾಯಿ ತಿಂದರೆ ಮೈ ಕಡಿಯುತ್ತದಲ್ಲ, ಹಾಗಲ್ಲ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆಯಂತೆ. ಅದರ ಒಂದು ಕಣ ಒಳಗೆ ಹೋದರೂ ನನ್ನ ಮೈ ತನ್ನ ಕರುಳನ್ನು ತಾನೇ ಕೆರೆದು ಹಾಳುಮಾಡಿಕೊಳ್ಳುತ್ತದೆ. ಸೀಲಿಯಾಕ್ ಎಂದು ಹೆಸರು. ಮಾತ್ರೆಯಿಲ್ಲ, ಇಂಜೆಕ್ಷನ್ನಿಲ್ಲ, ವಾಸಿಯಾಗುವ ಮಾತೂ ಇಲ್ಲ. ಗೋಧಿ, ಮೈದಾ, ರವೆ, ಬಾರ್ಲಿಗಳನ್ನು ಬದುಕಿರುವ ತನಕ ಮುಟ್ಟದಿರುವುದೊಂದೇ ಮದ್ದು. ಎಷ್ಟೋ ವರ್ಷ ಹೊಟ್ಟೆಯುಬ್ಬರ, ಸುಸ್ತು, ರಕ್ತವಿಲ್ಲದ ಮುಖ ಹೊತ್ತುಕೊಂಡು ತಿರುಗಿ, ಗ್ಯಾಸಿನ ಮಾತ್ರೆ ನುಂಗಿ ನುಂಗಿ ಸಾಕಾದ ಮೇಲೆ, ಕೊನೆಗೆ ಬಾಯಿಯೊಳಗೆ ಕ್ಯಾಮೆರಾ ಇಳಿಸಿ ನೋಡಿದ ಒಬ್ಬ ಡಾಕ್ಟರು ಇದನ್ನು ಪತ್ತೆ ಮಾಡಿದರು. ಪತ್ತೆ ಮಾಡಿ ನಕ್ಕರು ಕೂಡ.

“ನೀವು ಲಕ್ಕಿ ಮೇಡಂ. ಅನ್ನ ತಿನ್ನೋ ಜನ ನೀವು. ಚಪಾತಿ ಒಂದು ಬಿಟ್ರಾಯ್ತು, ಅಷ್ಟೇ.”

ನಾನು ಅವರನ್ನು ನಂಬಿದೆ. ಆ ಸಂತೋಷದಲ್ಲಿ ಆಸ್ಪತ್ರೆಯಿಂದ ಹೊರಗೆ ಬಂದು, ಮಲ್ಲೇಶ್ವರದ ಮನೆಗೆ ಹೋಗುವ ದಾರಿಯಲ್ಲಿ ಹೋಟೆಲಿಗೆ ನುಗ್ಗಿ ಚೌಚೌಬಾತ್ ತರಿಸಿದೆ. ಒಂದು ಕಡೆ ಖಾರಾಬಾತ್, ಇನ್ನೊಂದು ಕಡೆ ಕೇಸರಿಬಾತ್. ಎರಡು ಚಮಚ ಬಾಯಿಗೆ ಹೋದ ಮೇಲೆ ನೆನಪಾಯಿತು, ಎರಡೂ ರವೆ. ಡಾಕ್ಟರು ಬೆಂಗಳೂರಿನಲ್ಲಿ ಓದಿದವರಾದರೂ ಬೆಂಗಳೂರಿನಲ್ಲಿ ತಿಂಡಿ ತಿಂದವರಲ್ಲ ಎಂದು ಅವತ್ತೇ ಗೊತ್ತಾಯಿತು.

ಅನ್ನ ತಿನ್ನುವ ಜನವಂತೆ! ನಮ್ಮ ಬೆಳಗು ರವೆಯದು. ರವೆ ಇಡ್ಲಿ, ರವೆ ದೋಸೆ, ಉಪ್ಪಿಟ್ಟು. ಸಂಜೆ ಮೈದಾದ್ದು. ಹಬ್ಬ ಹೋಳಿಗೆಯದು. ಮದುವೆ ಚಿರೋಟಿಯದು. ಮೈದಾ ಹಾಕದ ನಿಪ್ಪಟ್ಟು, ರವೆ ಹಾಕದ ಕೋಡುಬಳೆ ಈ ಊರಿನ ಯಾವ ಅಂಗಡಿಯಲ್ಲಿದೆಯೋ ನನಗೆ ಇನ್ನೂ ಸಿಕ್ಕಿಲ್ಲ. ಸರಿ, ದೋಸೆಯಾದರೂ ಅಕ್ಕಿ ಉದ್ದಿನದಲ್ಲವೇ ಎಂದು ಬಸವನಗುಡಿಯ ಒಂದು ಹೋಟೆಲಿನಲ್ಲಿ ವಿಚಾರಿಸಿದೆ. ಸಪ್ಲೈಯರ್ ಹೆಮ್ಮೆಯಿಂದ ಹೇಳಿದ, “ಬರೀ ಅಕ್ಕಿ ಬೇಳೆ ಆದ್ರೆ ಗರಿಗರಿ ಬರುತ್ತಾ ಮೇಡಂ? ಸ್ವಲ್ಪ ಚಿರೋಟಿ ರವೆ ಬೀಳ್ಲೇಬೇಕು.” ಎದ್ದು ಬಂದೆ. ಬರುವಾಗ ಕಾಫಿಯನ್ನೂ ಸಂಶಯದಿಂದ ನೋಡಿದೆ.

ಉಪ್ಪಿಟ್ಟಿನ ವಿಷಯದಲ್ಲಿ ನನಗೆ ತಕ್ಕ ಶಾಸ್ತಿಯಾಗಿದೆ ಎಂದೇ ಹೇಳಬೇಕು. ಚಿಕ್ಕವಳಿದ್ದಾಗ ಬೆಳಿಗ್ಗೆ ಅಡುಗೆಮನೆಯಿಂದ ರವೆ ಹುರಿಯುವ ವಾಸನೆ ಬಂದರೆ ನಾನು ಹೊದಿಕೆ ಎಳೆದುಕೊಂಡು ಜ್ವರದ ನಾಟಕವಾಡುತ್ತಿದ್ದೆ. ಕಾಂಕ್ರೀಟು, ಕಾಂಕ್ರೀಟು ಎಂದು ತಮ್ಮನೂ ನಾನೂ ತಟ್ಟೆ ಬಡಿಯುತ್ತಿದ್ದೆವು. ಅಮ್ಮ ಸಿಟ್ಟಾಗಿ, “ಒಂದಿನ ಇದೇ ಉಪ್ಪಿಟ್ಟಿಗೆ ಬಾಯಿ ಬಾಯಿ ಬಿಡ್ತೀಯ, ನೋಡ್ತಿರು” ಎಂದು ಬೈಯುತ್ತಿದ್ದಳು. ಈಗ ಪಕ್ಕದ ಮನೆಯಲ್ಲಿ ರವೆ ಹುರಿದರೆ ನಾನು ಬಾಲ್ಕನಿಗೆ ಬಂದು ನಿಲ್ಲುತ್ತೇನೆ. ಬಟ್ಟೆ ಒಣಗಿದೆಯೇ ಎಂದು ನೋಡುವವಳಂತೆ ಒಂದೊಂದೇ ಬಟ್ಟೆ ಮುಟ್ಟುತ್ತಾ, ವಾಸನೆ ಮುಗಿಯುವ ತನಕ ಅಲ್ಲೇ ಇರುತ್ತೇನೆ.

ನಮ್ಮ ಯಜಮಾನರು ಒಳ್ಳೆಯವರು. ನನ್ನೆದುರಿಗೆ ಗೋಧಿ ತಿನ್ನುವುದಿಲ್ಲವೆಂದು ಯಾರೂ ಕೇಳದಿದ್ದರೂ ಮಾತು ಕೊಟ್ಟರು. ಅಂದಿನಿಂದ ಅವರಿಗೆ ಸಂಜೆ ವಾಕಿಂಗಿನ ಹುಚ್ಚು ಹಿಡಿಯಿತು. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಅಯ್ಯಂಗಾರ್ ಬೇಕರಿ ಇದೆ. ವಾಕಿಂಗ್ ಮುಗಿಸಿ ಬಂದವರ ಮೀಸೆಯಲ್ಲಿ ಖಾರಾ ಬನ್ನಿನ ಪುಡಿ ಇರುತ್ತದೆ. ನಾನು ಅದನ್ನು ನೋಡದ ಹಾಗೆ ಇರುತ್ತೇನೆ, ಅವರು ಬೆವರೊರೆಸಿಕೊಳ್ಳುವವರ ಹಾಗೆ ಮೀಸೆ ಒರೆಸಿಕೊಳ್ಳುತ್ತಾರೆ. ನಮ್ಮ ದಾಂಪತ್ಯದಲ್ಲಿ ಇಷ್ಟು ವರ್ಷಕ್ಕೆ ಮೊದಲ ಬಾರಿ ಒಂದು ಗುಟ್ಟು ಹುಟ್ಟಿದ್ದು ಹೀಗೆ.

ಹಿಟ್ಟಿನ ಮಿಲ್ಲಿನಲ್ಲಿ ಇನ್ನೊಂದು ಪಾಡು. ಅಕ್ಕಿರೊಟ್ಟಿಗೆಂದು ವೈಯಾಲಿಕಾವಲಿನ ಮಿಲ್ಲಿಗೆ ಅಕ್ಕಿ ಒಯ್ದರೆ, ಅಲ್ಲಿ ಗಾಳಿಯಲ್ಲೇ ಗೋಧಿ ಹಿಟ್ಟು ತೇಲುತ್ತಿರುತ್ತದೆ. ಮಿಲ್ಲಿನವರ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ನನಗೆ ಸ್ವಲ್ಪವೂ ಗೋಧಿ ಸೇರಬಾರದು, ಕಲ್ಲು ತೊಳೆದು ಹಾಕಿಕೊಡುತ್ತೀರಾ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಕಲ್ಲು ತೊಳೆಯೋದಾ? ಅಮ್ಮ, ಒಂದ್ ಹಿಡಿ ಗೋಧಿ ಬಂದ್ರೆ ಬರ್ಲಿ ಬಿಡಿ. ಒಳ್ಳೇದೇ ಅಲ್ವಾ? ಮೈಗೆ ಶಕ್ತಿ.”

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ನನಗೆ ಕೆಟ್ಟದ್ದು ಮಾಡಿದವರೆಲ್ಲ ನನ್ನ ಒಳ್ಳೆಯದಕ್ಕೇ ಮಾಡಿದ್ದಾರೆ. ರಾಗಿಗೂ ಇದೇ ಕಥೆ, ಜೋಳಕ್ಕೂ ಇದೇ ಕಥೆ. ಹೊಸ ಕಾಲದ ದೊಡ್ಡ ಅಂಗಡಿಗಳಲ್ಲಿ ‘ಗ್ಲುಟೆನ್ ಫ್ರೀ’ ಎಂದು ಬರೆದ ಹಿಟ್ಟು, ಬ್ರೆಡ್ಡು, ಬಿಸ್ಕತ್ತು ಸಿಗುತ್ತವೆ, ಇಲ್ಲವೆಂದಲ್ಲ. ಅವನ್ನು ಎಸಿ ಹಾಕಿದ ಮೂಲೆಯಲ್ಲಿ, ವಿದೇಶದ ಚಾಕಲೇಟಿನ ಪಕ್ಕ ಇಡುತ್ತಾರೆ. ಒಂದು ಸಣ್ಣ ಬ್ರೆಡ್ಡಿನ ಬೆಲೆಗೆ ನಮ್ಮ ಮನೆಗೆ ವಾರದ ತರಕಾರಿ ಬರುತ್ತದೆ. ಖಾಸಗಿ ಶಾಲೆಯ ಕನ್ನಡ ಮೇಡಂನ ಸಂಬಳದಲ್ಲಿ ಅದನ್ನು ಹಬ್ಬಕ್ಕೊಮ್ಮೆ ತರಬಹುದು. ಹಾಗೆ ಒಮ್ಮೆ ತಂದೆವು. ಮುರಿದರೆ ಹಳೆಯ ಸೋಫಾದ ಸ್ಪಂಜಿನಂತೆ ಉದುರಿತು. ದುಡ್ಡು ಕೊಟ್ಟ ಸಂಕಟಕ್ಕೆ ಉದುರಿದ್ದನ್ನೂ ಬಳಿದು ತಿಂದೆ.

ಆ ಅಂಗಡಿಗಳಲ್ಲಿ ನಾನು ಹೊತ್ತುಗಟ್ಟಲೆ ನಿಂತು ಪೊಟ್ಟಣಗಳ ಹಿಂದಿನ ಇರುವೆ ಗಾತ್ರದ ಅಕ್ಷರ ಓದುತ್ತೇನೆ. ಕಾವಲಿನವನಿಗೆ ನನ್ನ ಮೇಲೆ ಗುಮಾನಿ. ನನಗೆ ಇದೇನೂ ಹೊಸದಲ್ಲ. ಅಪ್ಪನಿಗೆ ಪೇಟೆಯಲ್ಲಿ ದಿನಸಿ ಅಂಗಡಿಯಿತ್ತು. ಕಣ್ಣು ಮಂದ, ಆದರೆ ಗಿರಾಕಿಗಳೆದುರು ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಶಾಲೆ ಬಿಟ್ಟ ಮೇಲೆ ನಾನು ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು, ಬಂದ ಮಾಲಿನ ಮೇಲೆ ಬರೆದಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿದ್ದರೆ ಕನ್ನಡ ಮಾಡಿ ಹೇಳಬೇಕು. ಏನು ಓದುತ್ತಿದ್ದೇನೆಂದು ತಲೆಗೆ ಹೋಗುತ್ತಿರಲಿಲ್ಲ. ಬಾಯಿ ತನ್ನಷ್ಟಕ್ಕೆ ಓದುತ್ತಿತ್ತು, ಕಣ್ಣು ಬೆಲ್ಲದ ಅಚ್ಚಿನ ಮೇಲಿರುತ್ತಿತ್ತು. ಅಪ್ಪ ಹೋದ ಮೇಲೆ ಅದೇ ಚಾಕರಿಯನ್ನು ಅಮ್ಮನಿಗೆ ಮಾಡಬೇಕಾಯಿತು. ಕರೆಂಟ್ ಬಿಲ್ಲಿರಲಿ, ಮಾತ್ರೆಯ ಚೀಟಿಯಿರಲಿ, “ಗಿರಿಜಾ, ಓದಿ ಹೇಳೇ” ಎಂದು ಈಗಲೂ ನನ್ನ ಕೈಗೆ ಕೊಡುತ್ತಾಳೆ. ಮನೆಯಲ್ಲಿ ತಮ್ಮನಿದ್ದಾನೆ, ಅವನ ಹೆಂಡತಿಯಿದ್ದಾಳೆ. ಆದರೂ ಅದು ನಾನು ಬರುವ ಭಾನುವಾರಕ್ಕೆ ಕಾದಿರುತ್ತದೆ.

ಮದುವೆ ಮುಂಜಿಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ. ಹೋದರೂ ಛತ್ರದಲ್ಲಿ ಎಲೆಯ ಮುಂದೆ ಕೂತು, ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೊಸರನ್ನ ತಿನ್ನುವವಳನ್ನು ಯಾರು ತಾನೇ ಸುಮ್ಮನೆ ಬಿಡುತ್ತಾರೆ? ಶುಗರ್ ಬಂತಾ ಎಂದು ಒಬ್ಬರು, ಡಯೆಟ್ಟಾ ಎಂದು ಇನ್ನೊಬ್ಬರು. ಶುಗರ್ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಗೌರವವೂ ಸಿಗುತ್ತದೆ. ಗೋಧಿ ಆಗಲ್ಲ ಎಂದರೆ ಮಾತ್ರ ಜನ ನಗುತ್ತಾರೆ. “ಶುಗರ್‌ನೋರಿಗೇ ಗೋಧಿ ತಿನ್ನಿ ಅಂತಾರೆ, ಇವಳದೇನೇ ಇದು ಹೊಸಾದು!” ಎಂದು ನನ್ನ ದೊಡ್ಡತ್ತೆ ಪಂಕ್ತಿಯುದ್ದಕ್ಕೂ ಕೇಳುವಂತೆ ಹೇಳಿದಳು. ಕೊನೆಗೆ ನಾನೂ ಶುಗರ್ ಎನ್ನಲು ಶುರು ಮಾಡಿದೆ. ಆಗ ಪಾಯಸ ಬಡಿಸುವವರೂ ನನ್ನನ್ನು ದಾಟಿ ಹೋದರು. ಅಕ್ಕಿಯ ಪಾಯಸ. ಅದೊಂದನ್ನು ನಾನು ತಿನ್ನಬಹುದಾಗಿತ್ತು.

ಮತ್ತೆ ನಮ್ಮ ಜನಕ್ಕೆ ಮಾತು ಶುರುಮಾಡಲು ಬೇರೆ ದಾರಿಯೇ ಗೊತ್ತಿಲ್ಲ. ರಸ್ತೆಯಲ್ಲಿ ಸಿಕ್ಕರೆ ತಿಂಡಿ ಆಯ್ತಾ, ಫೋನೆತ್ತಿದರೆ ಊಟ ಆಯ್ತಾ. ಆಗಿದೆ ಎನ್ನಲೋ, ಆಗಿಲ್ಲ ಎನ್ನಲೋ? ಒಂದು ಸೌತೆಕಾಯಿ, ನಾಲ್ಕು ತುತ್ತು ಮೊಸರನ್ನ, ಎರಡು ಬಾಳೆಹಣ್ಣನ್ನು ಊಟ ಎನ್ನುತ್ತಾರೆಯೇ? ಒಂದು ಕಾಲದಲ್ಲಿ ಆ ಪ್ರಶ್ನೆ ಕೇಳಿದವರ ಮೇಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅದರಲ್ಲೂ ಅಮ್ಮ ದಿನಕ್ಕೆ ಎರಡು ಹೊತ್ತೂ ಫೋನು ಮಾಡಿ ಅದನ್ನೇ ಕೇಳುತ್ತಿದ್ದಳು. ಆಯ್ತು ಎಂದರೆ, ಏನ್ ಮಾಡಿದ್ದೆ ಎಂದು ಕೇಳುತ್ತಿದ್ದಳು. ಸಾರು ಎಂದರೆ ಸಮಾಧಾನವಾಗಿ ಫೋನಿಡುತ್ತಿದ್ದಳು.

ಹೌದು, ಸಾರು. ಎಲ್ಲ ಹೋದ ಮೇಲೆ ನನಗೆ ಉಳಿದದ್ದು ಅದೊಂದೇ, ಅಮ್ಮನ ಸಾರು.

ಹೆಣ್ಣುಮಕ್ಕಳಿಗೆ ತವರಿನಿಂದ ಸೀರೆ, ಬಳೆ, ಅರಿಶಿನ ಕುಂಕುಮ ಬರುವುದು ಹಬ್ಬಕ್ಕೆ. ಸಾರಿನ ಪುಡಿ ಮಾತ್ರ ವರ್ಷವಿಡೀ ಬರುತ್ತಿರಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಒಂದು ದಿನ ಸ್ವಂತ ಸಾರಿನ ಪುಡಿ ಮಾಡಿದವಳಲ್ಲ. ಪುಡಿ ಮುಗಿಯುವ ಹೊತ್ತಿಗೆ ಚಾಮರಾಜಪೇಟೆಯಿಂದ ಡಬ್ಬ ಬಂದಿರುತ್ತಿತ್ತು. ನನ್ನ ಅತ್ತೆ ಬದುಕಿರುವವರೆಗೂ, “ನಮ್ಮನೇಲಿ ಕೊತ್ತಂಬರಿ ಬೀಜ ಬೆಳೆಯಲ್ವೇನೋ” ಎಂದು ಚುಚ್ಚುತ್ತಿದ್ದರು. ಚುಚ್ಚುತ್ತಲೇ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು.

ನನ್ನ ಕಾಯಿಲೆಗೆ ಹೆಸರು ಸಿಕ್ಕ ದಿನ ಅಮ್ಮನಿಗೆ ಏನು ಅರ್ಥವಾಯಿತೋ ತಿಳಿಯದು, ಮರುದಿನದಿಂದ ಅವಳು ಟೊಂಕ ಕಟ್ಟಿ ನಿಂತಳು. ನನ್ನ ಪುಡಿಗೆ ಬೇರೆ ಬಾಣಲೆ, ಬೇರೆ ಸೌಟು, ಹೊಸ ಮಿಕ್ಸಿ. ಮಿಲ್ಲಿಗೆ ಕಳಿಸುವುದು ಪೂರ್ತಿ ನಿಂತಿತು. ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸನ್ನು ಒಂದೊಂದಾಗಿ ಆರಿಸಿ, ತೊಳೆದು, ಒಣಗಿಸಿ, ತಾನೇ ಕೂತು ಹುರಿಯುತ್ತಿದ್ದಳು. ಆ ಹೊತ್ತಿನಲ್ಲಿ ತಮ್ಮನ ಹೆಂಡತಿಗೆ ಚಪಾತಿ ಲಟ್ಟಿಸಲು ಅಡುಗೆಮನೆಯೊಳಗೆ ಪ್ರವೇಶವಿರಲಿಲ್ಲ. ಶಿವಭಕ್ತರ ಮನೆ ನಮ್ಮದು, ಮಡಿ ಮೈಲಿಗೆಯನ್ನು ಯಾವತ್ತೂ ಕಂಡಿರಲಿಲ್ಲ. ನನ್ನಿಂದಾಗಿ ಅದೂ ಬಂತಲ್ಲ ಎಂದು ತಮ್ಮ ರೇಗಿಸುತ್ತಿದ್ದ. ಅಮ್ಮ ನಗುತ್ತಿರಲಿಲ್ಲ. ಎಂಬತ್ತರ ಹತ್ತಿರದ ಹೆಂಗಸು, ಮಗಳನ್ನು ಉಳಿಸಿಕೊಳ್ಳುವ ಕೆಲಸದಲ್ಲಿದ್ದಳು.

ಇಂಗಿನ ಮೇಲೆ ಅಮ್ಮನಿಗೆ ದೇವರಷ್ಟು ನಂಬಿಕೆ. ಕೂಸಾಗಿದ್ದಾಗ ನನ್ನ ಹೊಟ್ಟೆ ಉಬ್ಬಿದರೆ ಇಂಗನ್ನು ತೇದು ಹೊಕ್ಕುಳ ಸುತ್ತ ಹಚ್ಚುತ್ತಿದ್ದಳಂತೆ. ಬಾಣಂತನದಲ್ಲಿ ಇಂಗು. ಅಜೀರ್ಣಕ್ಕೆ ಇಂಗು. ಪರೀಕ್ಷೆಗೆ ಮುಂಚೆ ಹೊಟ್ಟೆಯಲ್ಲಿ ಗುಡುಗುಡು ಎಂದರೆ ಅದಕ್ಕೂ ಇಂಗು. “ಕರುಳಿನ ಕಾಯಿಲೆ ಅಂತೀಯ, ಕರುಳಿಗೆ ಇಂಗಿಗಿಂತ ಬೇರೆ ಮದ್ದು ಇದೆಯೇನೇ?” ಎಂದು ನನ್ನ ಪುಡಿಗೆ ಎಲ್ಲರಿಗಿಂತ ಹೆಚ್ಚು ಇಂಗು ಹಾಕತೊಡಗಿದಳು. ಭಾನುವಾರ ಹೋದರೆ ಬಾಗಿಲಲ್ಲೇ ದೊಡ್ಡ ಲೋಟದ ತುಂಬ ಮಜ್ಜಿಗೆ ಕಾದಿರುತ್ತಿತ್ತು. ಅದರಲ್ಲಿ ಉಪ್ಪು, ಕರಿಬೇವು, ಧಾರಾಳವಾಗಿ ಇಂಗು. ನಾನು ಕುಡಿಯುವ ತನಕ ಎದುರಿಗೆ ನಿಂತು, ಕುಡಿದ ಮೇಲೆ ಲೋಟ ಇಸಿದುಕೊಂಡು, “ಈಗ ಹೆಂಗಿದೆ?” ಎನ್ನುತ್ತಿದ್ದಳು. ಹಗುರಾಯಿತು ಎನ್ನುತ್ತಿದ್ದೆ. ನಿಜಕ್ಕೂ ಹಗುರಾದಂತೆ ಅನ್ನಿಸುತ್ತಿತ್ತು.

ಆದರೆ ಹಗುರಾಗುತ್ತಿದ್ದದ್ದು ನನ್ನ ತೂಕ. ಗೋಧಿಯ ನೆರಳೂ ಬೀಳದ ಹಾಗೆ ಬದುಕುತ್ತಿದ್ದೆ, ಆದರೂ ಸೀರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬಾಚಿದರೆ ಕೂದಲು ಗುಂಪಾಗಿ ಬರುತ್ತಿತ್ತು. ಭಾನುವಾರ ತವರಿನಿಂದ ಬಂದರೆ ಸೋಮವಾರ ಶಾಲೆಗೆ ರಜ. ಹೊಟ್ಟೆ ಉಬ್ಬಿದೆಯೆಂದು ಫೋನಿನಲ್ಲಿ ತಿಳಿದರೆ ಅಮ್ಮ ತಮ್ಮನ ಕೈಯಲ್ಲಿ ಇನ್ನಷ್ಟು ಪುಡಿ ಕಳಿಸುತ್ತಿದ್ದಳು. ಬೇರೇನೂ ತಿನ್ನಬೇಡ, ಬರೀ ಸಾರು ಅನ್ನ ತಿನ್ನು ಎನ್ನುತ್ತಿದ್ದಳು. ನಾನು ಬರೀ ಸಾರು ಅನ್ನ ತಿನ್ನುತ್ತಿದ್ದೆ.

ಡಾಕ್ಟರು ರಿಪೋರ್ಟು ನೋಡಿ ತಲೆ ಆಡಿಸಿದರು. “ಮೇಡಂ, ಬೇಜಾರ್ ಮಾಡ್ಕೋಬೇಡಿ. ಹೊರಗಡೆ ಕದ್ದುಮುಚ್ಚಿ ಏನಾದ್ರೂ ತಿಂತಿದೀರಾ?”

ಮಕ್ಕಳು ಹೋಂವರ್ಕ್ ಮಾಡದೆ ಬಂದಾಗ ನಾನು ಕೇಳುವ ಧ್ವನಿಯಲ್ಲೇ ಕೇಳಿದರು. ನಾನು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಕೂತೆ. ಆಗ ನನಗೆ ಗೊತ್ತಿರಲಿಲ್ಲ, ಆ ಹೋಲಿಕೆ ನನಗೆಷ್ಟು ಸರಿಯಾಗಿ ಒಪ್ಪುತ್ತಿತ್ತೆಂದು. ಮನೆಗೆ ಬಂದು ಅನುಮಾನಪಡಲು ಶುರು ಮಾಡಿದೆ. ಟೂತ್‌ಪೇಸ್ಟನ್ನು ಅನುಮಾನಿಸಿದೆ, ಮಾತ್ರೆಯನ್ನು ಅನುಮಾನಿಸಿದೆ, ಕೊನೆಗೆ ಯಜಮಾನರ ಮೀಸೆಯನ್ನೂ ಅನುಮಾನಿಸಿದೆ. ಪಾಪ, ಅವರು ಖಾರಾ ಬನ್ ಬಿಟ್ಟು, ವಾಕಿಂಗನ್ನೂ ಬಿಟ್ಟು ಮನೆಯಲ್ಲಿ ಕೂತರು. ಅಮ್ಮನ ಪುಡಿಯ ಕಡೆಗೆ ಮಾತ್ರ ನನ್ನ ಬುದ್ಧಿ ಒಂದು ಕ್ಷಣವೂ ಹೋಗಲಿಲ್ಲ. ಈ ಊರಿನಲ್ಲಿ ನಾನು ಕಣ್ಣು ಮುಚ್ಚಿ ತಿನ್ನಬಹುದಾಗಿದ್ದದ್ದು ಅದೊಂದನ್ನೇ.

ಅದು ಇನ್ನೊಂದು ಭಾನುವಾರ. ಮಜ್ಜಿಗೆ ಕುಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಒಲೆಯ ಮೇಲೆ ನನ್ನ ಸಾರು ಕುದಿಯುತ್ತಿತ್ತು. ಅಮ್ಮ ಒಗ್ಗರಣೆಗೆ ಡಬ್ಬಿ ತೆಗೆದವಳು ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದಳು.

“ಇತ್ತೀಚೆಗೆ ಇಂಗಿಗೆ ಘಾಟೇ ಇಲ್ಲ ಕಣೇ. ಎಷ್ಟು ಹಾಕಿದ್ರೂ ಸಾಲದು. ಹಳೇ ಮಾಲು ಕೊಟ್ಬಿಟ್ನೋ ಏನೋ. ಡೇಟು ಓದಿ ಹೇಳೇ.”

ಡಬ್ಬಿ ಇಸಿದುಕೊಂಡು ಬೆಳಕಿಗೆ ಹಿಡಿದೆ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತ ಹುಡುಗಿಯ ಹಾಗೆ, ಮೊದಲಿನಿಂದ ಶುರುಮಾಡಿ ಕನ್ನಡ ಮಾಡಿಕೊಂಡು ಓದಿದೆ. “ಅಡುಗೆಗೆ ಬಳಸುವ ಇಂಗು. ಒಳಗಿರುವುದು, ಗೋಂದು, ಗೋಧಿ ಹಿಟ್ಟು, ಇಂಗು. ತಣ್ಣಗಿರುವ ಒಣ ಜಾಗದಲ್ಲಿಡಿ. ಡೇಟು ಇನ್ನೂ ಇದೆ ಅಮ್ಮಾ, ಹಳೇದಲ್ಲ.”

ಪೂರ್ತಿ ಓದಿದೆ. ತಣ್ಣಗಿರುವ ಒಣ ಜಾಗದವರೆಗೂ ಓದಿದೆ. ತಲೆಯೆತ್ತಿ ನೋಡಿದರೆ ಅಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು. ಒಗ್ಗರಣೆಯ ಎಣ್ಣೆ ಹೊಗೆಯಾಡುತ್ತಿತ್ತು.

“ಏನಂದೆ?” ಎಂದಳು.

ಆಗ ನನಗೆ ನಾನು ಓದಿದ್ದು ಕೇಳಿಸಿತು.

ಇಂಗನ್ನು ಹಾಗೇ ಮಾರುವುದಿಲ್ಲವಂತೆ. ಘಾಟು ಜಾಸ್ತಿ, ಬೆಲೆಯೂ ಜಾಸ್ತಿ. ಅದಕ್ಕೇ ಹಿಟ್ಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಕದ್ದು ಬೆರೆಸುವುದಲ್ಲ, ಡಬ್ಬಿಯ ಮೇಲೆ ಬರೆದೇ ಬೆರೆಸುತ್ತಾರೆ. ಇಡೀ ಮಲ್ಲೇಶ್ವರದ ಪೊಟ್ಟಣಗಳನ್ನೆಲ್ಲ ತಿರುಗಿಸಿ ನೋಡಿದವಳು ತವರಿನ ಇಂಗಿನ ಡಬ್ಬಿಯನ್ನು ತಿರುಗಿಸಿರಲಿಲ್ಲ. ದಿನಸಿ ಅಂಗಡಿಯವನ ಹೆಂಡತಿಯಾಗಿ ಬಾಳಿದ ಅಮ್ಮನಿಗೂ ಗೊತ್ತಿರಲಿಲ್ಲ. ನೀವೇ ಹೇಳಿ, ಇಂಗಿನಲ್ಲಿ ಇಂಗಲ್ಲದೆ ಇನ್ನೇನಿರುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಅಮ್ಮ ಅಳಲಿಲ್ಲ. ಒಲೆ ಆರಿಸಿದಳು. ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಮೋರಿಗೆ ಸುರಿದಳು. ನನ್ನ ಪುಡಿಯ ಡಬ್ಬವನ್ನೂ ಅಲ್ಲೇ ಬೋರಲು ಹಾಕಿದಳು. ಆಮೇಲೆ ನಲ್ಲಿಯ ಕೆಳಗೆ ಕೈ ಹಿಡಿದು ತೊಳೆಯತೊಡಗಿದಳು. ಸಾಕು ಬನ್ನಿ ಎಂದು ತಮ್ಮನ ಹೆಂಡತಿ ಕರೆದರೂ ಬರಲಿಲ್ಲ.

“ಮಜ್ಜಿಗೆಗೂ ಹಾಕ್ತಿದ್ನಲ್ಲೇ,” ಎಂದಳು, ನನ್ನ ಕಡೆ ತಿರುಗದೆ.

“ಅಮ್ಮಾ, ನಿನಗೇನು ಗೊತ್ತಿತ್ತು? ನಂಗೇ ಗೊತ್ತಿರ್ಲಿಲ್ಲ.”

“ನಿನಗೆ ಹೊಟ್ಟೆ ಉಬ್ತು ಅಂದಾಗೆಲ್ಲ ಜಾಸ್ತಿ ಹಾಕ್ದೆ.” ಕೈ ತಿಕ್ಕುತ್ತಲೇ, “ಬಾಣಂತನದಲ್ಲೂ ಹಾಕಿದ್ದೆ. ಸಣ್ಣೋಳಿದ್ದಾಗ ನೀನು ಯಾವಾಗ್ಲೂ ಕಡ್ಡಿ ಥರಾ ಇದ್ದೆ, ಹೊಟ್ಟೆ ಮಾತ್ರ ಇಷ್ಟು ದಪ್ಪ. ಎಲ್ಲಾ ನಾನೇ ಮಾಡಿದ್ದು.”

ಆಗ ಚಪಾತಿ ತಿನ್ನುತ್ತಿದ್ದೆ, ಉಪ್ಪಿಟ್ಟು ತಿನ್ನುತ್ತಿದ್ದೆ, ಹೋಳಿಗೆ ತಿನ್ನುತ್ತಿದ್ದೆ, ಅದರ ಮುಂದೆ ನಿನ್ನ ಚಿಟಿಕೆ ಇಂಗು ಯಾವ ಲೆಕ್ಕ ಎಂದು ಎಷ್ಟೋ ಬಗೆಯಲ್ಲಿ ಹೇಳಿದೆ. ಮಕ್ಕಳಿಗೆ ಸಂಧಿ ಸಮಾಸ ಬಿಡಿಸಿ ಹೇಳುವವಳು ನಾನು. ಅಮ್ಮನಿಗೆ ಇದನ್ನು ಬಿಡಿಸಿ ಹೇಳಲಾಗಲಿಲ್ಲ. ಅವಳು ಕೇಳಿಸಿಕೊಂಡಳು, ಒಪ್ಪಿದಂತೆ ತಲೆಯನ್ನೂ ಆಡಿಸಿದಳು. ಅವತ್ತು ನನಗೆ ಎರಡು ಬಾಳೆಹಣ್ಣು ಕೊಟ್ಟಳು. ಸಿಪ್ಪೆಯಿರುವ ಹಣ್ಣು ಬಿಟ್ಟು ಬೇರೇನನ್ನೂ ಅವಳ ಕೈ ನನಗೆ ಕೊಡಲು ಒಪ್ಪಲಿಲ್ಲ.

ಡಾಕ್ಟರಿಗೆ ತೋರಿಸಲು ಆ ಡಬ್ಬಿಯನ್ನು ತಂದೆ. ಅವರು ತಿರುಗಿಸಿ ಓದಿ, “ಅಯ್ಯೋ, ಇದು ನಂಗೂ ಹೊಳೀಲಿಲ್ಲ ನೋಡಿ” ಎಂದು ಆಶ್ಚರ್ಯಪಟ್ಟರು. ಒಂದು ಒಳ್ಳೆಯ ಒಗಟು ಬಿಡಿಸಿದಷ್ಟು ಅವರಿಗೆ ಖುಷಿಯಾಗಿತ್ತು. ಮನೆಗೆ ತಂದು ತೊಳೆದೆ, ಬಿಸಿಲಿಗಿಟ್ಟೆ, ಪಿನ್ನು ತುಂಬಿದೆ. ವಾಸನೆ ಹೋಗಲಿಲ್ಲ.

ಈಗ ನಾನು ಚೆನ್ನಾಗಿದ್ದೇನೆ. ಹಾಗೆಂದು ರಿಪೋರ್ಟು ಹೇಳುತ್ತದೆ. ಕೂದಲು ಉದುರುವುದು ನಿಂತಿದೆ, ಸೀರೆ ಸೊಂಟದಲ್ಲಿ ನಿಲ್ಲುತ್ತದೆ, ಮೈ ಕೈ ತುಂಬಿಕೊಂಡಿದ್ದೀಯ ಎಂದು ದೊಡ್ಡತ್ತೆಯೇ ಹೇಳಿದಳು. ಗೋಧಿಯ ಬದಲು ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೂ ಸಿಗುತ್ತದೆ. ಒಂದನ್ನು ಕೊಂಡು ಅಮ್ಮನಿಗೆ ಒಯ್ದು ಕೊಟ್ಟೆ. ಒಳಗಿರುವುದನ್ನೆಲ್ಲ ಓದಿ ಹೇಳಿದೆ, ಈ ಸಲ ಅರ್ಥ ಮಾಡಿಕೊಂಡು, ನಿಧಾನವಾಗಿ. ನನಗೊಂದು ಸಲ ಪುಡಿ ಮಾಡಿಕೊಡು ಎಂದು ಕೇಳಿದೆ. ಅಂಗಲಾಚಿದೆ ಎಂದರೂ ಸರಿಯೇ.

“ಬೇಡಮ್ಮಾ,” ಎಂದಳು. ಅಮ್ಮ ನನ್ನನ್ನು ಅಮ್ಮಾ ಎಂದು ಕರೆಯುವುದು ತೀರಾ ಸೋತಾಗ ಮಾತ್ರ. “ಕೊತ್ತಂಬರೀಲಿ ಏನಿದೆಯೋ, ಮೆಣಸಲ್ಲಿ ಏನಿದೆಯೋ, ಯಾರಿಗ್ಗೊತ್ತು? ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿದೆ. ನೀನೇ ಮಾಡ್ಕೋ.”

ಆ ಹೊಸ ಡಬ್ಬಿ ಇನ್ನೂ ತವರಿನ ಕಪಾಟಿನಲ್ಲಿದೆ. ಸೀಲು ಒಡೆದಿಲ್ಲ. ನಾನೇ ಪುಡಿ ಮಾಡಿಕೊಳ್ಳುತ್ತೇನೆ. ಅಮ್ಮ ಹೇಳಿದ ಅಳತೆ, ಅಮ್ಮ ಹೇಳಿದ ಹದ. ಯಜಮಾನರು ಸೊರ್ ಎಂದು ಕುಡಿದು, ಥೇಟ್ ನಿಮ್ಮಮ್ಮನ ಸಾರಿನ ಹಾಗೇ ಇದೆ ಎನ್ನುತ್ತಾರೆ. ಮೀಸೆಯ ಗುಟ್ಟು ಕಾಪಾಡಿದವಳಿಗೆ ಅವರು ಸುಳ್ಳು ಹೇಳುವುದು ತಿಳಿಯುವುದಿಲ್ಲವೇ? ಸುಳ್ಳೆಂದು ನನಗೆ ಗೊತ್ತು, ಅವರಿಗೂ ಗೊತ್ತು. ಸಾಕಾಗಿಹೋಗಿದೆ ನನಗೆ. ಕಾಯಿಲೆ ಕಿತ್ತುಕೊಂಡದ್ದೆಲ್ಲ ಹೋಗಲಿ ಎಂದು ಬಿಟ್ಟಿದ್ದೆ. ವಾಸಿಯಾಗುವಾಗ ಇದೊಂದನ್ನೂ ಕೊಟ್ಟು ಬರಬೇಕಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಅಮ್ಮ ಈಗಲೂ ಫೋನು ಮಾಡುತ್ತಾಳೆ. ಹುಷಾರಾ ಎನ್ನುತ್ತಾಳೆ. ಶಾಲೆ ಇತ್ತಾ, ಮಳೆ ಬಂತಾ, ಯಜಮಾನರು ಹೇಗಿದ್ದಾರೆ ಎಂದೆಲ್ಲ ಕೇಳಿ ಫೋನಿಡುತ್ತಾಳೆ.

ಹೋದ ಭಾನುವಾರ ಚಾಮರಾಜಪೇಟೆಗೆ ಹೋದೆ. ಬೇಕೆಂದೇ ಊಟದ ಡಬ್ಬಿ ತೆಗೆದುಕೊಂಡು ಹೋಗಲಿಲ್ಲ, ಬೆಳಗಿನಿಂದ ಏನೂ ತಿಂದಿರಲಿಲ್ಲ. ಊಟದ ಹೊತ್ತು. ಅಮ್ಮ ಜಗಲಿಯ ಮೇಲೆ ಕೂತಿದ್ದಳು. ನನ್ನ ಹಿಂದೆಯೇ ಗ್ಯಾಸ್ ಸಿಲಿಂಡರ್ ತಂದವನು ಬಂದ. ಸಿಲಿಂಡರನ್ನು ಹೆಗಲಿಂದ ಇಳಿಸಿ ಬೆವರು ಒರೆಸಿಕೊಂಡ. ಅಮ್ಮ ಅವನನ್ನು ನೋಡಿ, “ಊಟ ಆಯ್ತೇನಪ್ಪಾ?” ಎಂದಳು. ಆಯ್ತಮ್ಮಾ ಎಂದು ಅವನು ಒಳಗೆ ಹೋದ.

ಆಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ಆಗಿಲ್ಲ ಎಂಬ ಉತ್ತರ ನನ್ನ ಬಾಯಲ್ಲೇ ಇತ್ತು. ಕಾದೆ. ಅಮ್ಮ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು, ಏನೋ ಹೇಳಲು ತುಟಿ ತೆರೆದಳು.

“ಬಸ್ಸು ಬೇಗ ಸಿಕ್ತಾ?” ಎಂದಳು.